ಅನುಭವಕ್ಕೆ ಕಂಪೆನಿಯ ಬಾಗಿಲೇ ಬೇಕೆ?

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಕೆಲಸ ಹುಡುಕುವ ಹುಡುಗ ಹುಡುಗಿಯರಿಗಾಗಿಯೇ ಹುಟ್ಟಿದಂತಿದೆ. ಕೆಲಸ ಬೇಕಾದರೆ ಎರಡು ವರ್ಷದ ಅನುಭವ ಬೇಕು ಎನ್ನುತ್ತದೆ ಜಾಹೀರಾತು. ಅನುಭವ ಬೇಕಾದರೆ ಮೊದಲು ಯಾರಾದರೂ ಕೆಲಸ ಕೊಡಬೇಕು. ಎಲ್ಲ ವೃತ್ತಿಗಳಲ್ಲೂ ಇರುವ ಈ ಗಂಟು 'ಯು.ಎಕ್ಸ್.' ಎಂಬ ಎರಡಕ್ಷರದ ವೃತ್ತಿಯ ಕನಸು ಕಾಣುವವರನ್ನೂ ಬಿಟ್ಟಿಲ್ಲ.

ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್, ಅಂದರೆ ಬಳಕೆದಾರರ ಅನುಭವದ ವಿನ್ಯಾಸ. ಮಗಳು ಊಟಕ್ಕೆ ಕೂತಾಗ ಈ ಹೆಸರು ಹೇಳಿದರೆ ಅಪ್ಪನಿಗೆ ಅದು ಚಿತ್ರ ಬರೆಯುವ ಕೆಲಸವೋ ಕಂಪ್ಯೂಟರಿನ ಕೆಲಸವೋ ತಿಳಿಯದು. ಎಂಜಿನಿಯರಿಂಗ್ ಎಂದರೆ ಗೊತ್ತು, ಬಿ.ಕಾಂ. ಎಂದರೆ ಗೊತ್ತು. ಇದನ್ನು ಕಲಿಸುವ ಕಾಲೇಜು ಹತ್ತಿರದಲ್ಲಿಲ್ಲ, ಕಲಿತವರು ನೆಂಟರಲ್ಲಿಲ್ಲ. ಆರು ತಿಂಗಳಲ್ಲಿ ಕಲಿಸಿ ಕೆಲಸ ಕೊಡಿಸುತ್ತೇವೆ ಎಂಬ ಜಾಹೀರಾತುಗಳು ಮಾತ್ರ ಮೊಬೈಲಿನ ತುಂಬ ಇವೆ. ಶುಲ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯ ಹೊರಗೆ ಕಲಿಯಲಾಗದು, ವಿಮಾನ ಹಾರಿಸುವುದನ್ನು ವಿಮಾನವಿಲ್ಲದೆ ಕಲಿಯಲಾಗದು. ಈ ವೃತ್ತಿಯ ಕಚ್ಚಾವಸ್ತು ಮಾತ್ರ ಎಲ್ಲ ಊರುಗಳಲ್ಲೂ ಪುಕ್ಕಟೆಯಾಗಿ ಸಿಗುತ್ತದೆ. ಒಂದು ವಸ್ತುವಿನ ಮುಂದೆ, ಒಂದು ಫಾರಂನ ಮುಂದೆ, ಒಂದು ಪರದೆಯ ಮುಂದೆ ತಬ್ಬಿಬ್ಬಾಗಿ ನಿಂತ ಮನುಷ್ಯನೇ ಆ ಕಚ್ಚಾವಸ್ತು. ಅವನನ್ನು ಗಮನವಿಟ್ಟು ನೋಡಲು ಯಾವ ಕಂಪೆನಿಯ ಗುರುತಿನ ಚೀಟಿಯೂ ಬೇಕಿಲ್ಲ.

ಒಲೆಯಿಂದ ಮತಯಂತ್ರದವರೆಗೆ

ನಾಲ್ಕು ಬರ್ನರ್‌ಗಳ ಗ್ಯಾಸ್ ಸ್ಟೌ ನೋಡಿ. ಬರ್ನರ್‌ಗಳು ಚೌಕಾಕಾರದಲ್ಲಿವೆ, ನಾಬ್‌ಗಳು ಒಂದೇ ಸಾಲಿನಲ್ಲಿವೆ. ಯಾವ ನಾಬ್ ತಿರುಗಿಸಿದರೆ ಯಾವ ಬರ್ನರ್ ಹತ್ತಬೇಕು? ವರ್ಷಗಟ್ಟಲೆ ಅಡುಗೆ ಮಾಡಿದವರೂ ಒಮ್ಮೊಮ್ಮೆ ತಪ್ಪುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಒಲೆಗಳನ್ನೂ ಎಳೆಯಬೇಕೋ ತಳ್ಳಬೇಕೋ ತಿಳಿಯದ ಬಾಗಿಲುಗಳನ್ನೂ ಮುಂದಿಟ್ಟು, ತಪ್ಪು ಬಳಸುವವರದಲ್ಲ, ವಸ್ತುವಿನದು ಎಂದು ವಾದಿಸಿದರು. 1993ರಲ್ಲಿ ಆ್ಯಪಲ್ ಕಂಪೆನಿ ಸೇರಿದಾಗ ಅವರು ತಮ್ಮ ಹುದ್ದೆಯ ಹೆಸರಿನಲ್ಲಿ 'ಯೂಸರ್ ಎಕ್ಸ್‌ಪೀರಿಯೆನ್ಸ್' ಎಂಬ ಪದಗಳನ್ನು ಸೇರಿಸಿಕೊಂಡರು. ವೃತ್ತಿಗೆ ಈ ಹೆಸರು ಬಳಕೆಗೆ ಬಂದದ್ದು ಹಾಗೆ.

ಎ.ಟಿ.ಎಂ. ಯಂತ್ರದ್ದು ಇನ್ನೊಂದು ಕಥೆ. ಮೊದಮೊದಲ ಯಂತ್ರಗಳಲ್ಲಿ ಹಣ ಮೊದಲು ಬರುತ್ತಿತ್ತು, ಕಾರ್ಡು ಆಮೇಲೆ. ಹಣ ಕೈಗೆ ಬಂದೊಡನೆ ಬಂದ ಕೆಲಸ ಮುಗಿಯಿತೆಂದು ಮನಸ್ಸು ತೀರ್ಮಾನಿಸುತ್ತದೆ. ಜನ ಕಾರ್ಡನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. 'ಕಾರ್ಡು ಮರೆಯಬೇಡಿ' ಎಂಬ ಫಲಕದಿಂದ ಹೆಚ್ಚು ಪ್ರಯೋಜನವಿಲ್ಲ. ಕಾರ್ಡು ಕೈಗೆ ಬಂದ ಮೇಲೆಯೇ ಹಣ ಬರುವಂತೆ ಕ್ರಮವನ್ನು ತಿರುಗಿಸಿದರೆ ಮರೆಯುವ ಪ್ರಶ್ನೆಯೇ ಏಳದು. ವಿನ್ಯಾಸ ಎಂದರೆ ಇದು. ಬಣ್ಣ, ಚಿತ್ತಾರಗಳ ಮಾತು ಆಮೇಲಿನದು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ವಿದ್ಯುನ್ಮಾನ ಮತಯಂತ್ರವಿದೆ. ಅದರ ರೂಪ ವಿನ್ಯಾಸದ ಕೆಲಸದಲ್ಲಿ ತೊಡಗಿದ್ದವರು ಮುಂಬೈ ಐ.ಐ.ಟಿ.ಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿ.ಇ.ಎಲ್. ಒಬ್ಬ ಅಭ್ಯರ್ಥಿಗೆ ಒಂದು ಚಿಹ್ನೆ, ಒಂದು ಗುಂಡಿ, ಒಂದು ಕೆಂಪು ದೀಪ, ಒತ್ತಿದ ಮೇಲೆ ಉದ್ದನೆಯ ಒಂದು ಸದ್ದು. ಅಕ್ಷರ ಬಾರದ ಮುದುಕಿಯೂ ಯಾರ ನೆರವೂ ಇಲ್ಲದೆ ಮತ ಹಾಕಿ ಬರುತ್ತಾಳೆ. ಇಷ್ಟು ಸರಳವಾದ ವಸ್ತುವಿನ ಹಿಂದೆ ಎಷ್ಟು ಯೋಚನೆಯಿದೆ ಎಂದು ಮಕ್ಕಳಿಗೆ ಹೇಳಲು ಮತದಾನದ ದಿನಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಝೆರಾಕ್ಸ್ ಯಂತ್ರವನ್ನು ನೋಡುತ್ತ ಕೂತವಳು

ನೋಡುವುದೇ ಕಲಿಕೆ ಎಂಬ ಮಾತಿಗೆ ಆಧಾರವೇನು ಎಂದು ಕೇಳುವವರು ಲೂಸಿ ಸಚ್‌ಮನ್ ಎಂಬಾಕೆಯ ವಿಷಯ ತಿಳಿಯಬೇಕು. ಆಕೆ ಎಂಜಿನಿಯರ್ ಅಲ್ಲ, ಚಿತ್ರಕಲಾವಿದೆಯೂ ಅಲ್ಲ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. 1980ರ ದಶಕದ ಆರಂಭದಲ್ಲಿ ಆಕೆ ಝೆರಾಕ್ಸ್ ಕಂಪೆನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಆ ಕಾಲದಲ್ಲಿ ಕಂಪೆನಿ ಹೊಸದೊಂದು ಪ್ರತಿ ತೆಗೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ದೊಡ್ಡದೊಂದು ಹಸಿರು ಗುಂಡಿ ಒತ್ತಿದರೆ ಸಾಕು, ಕೆಲಸ ಅಷ್ಟು ಸುಲಭ ಎಂಬ ಪ್ರಚಾರ. ಗ್ರಾಹಕರು ಮಾತ್ರ ಯಂತ್ರ ಬಲು ಕಷ್ಟ ಎಂದು ದೂರುತ್ತಿದ್ದರು.

ಸಚ್‌ಮನ್ ಹೆಚ್ಚೇನೂ ಮಾಡಲಿಲ್ಲ. ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ, ಅವರು ಪರಸ್ಪರ ಮಾತಾಡಿಕೊಳ್ಳುತ್ತ ಕೆಲಸ ಮಾಡುವುದನ್ನು ವಿಡಿಯೊದಲ್ಲಿ ಹಿಡಿದಳು. ಆ ಪೈಕಿ ಒಂದು ಜೋಡಿ ಪ್ರಸಿದ್ಧವಾಯಿತು. ಒಬ್ಬರು ಕಂಪ್ಯೂಟರ್ ವಿಜ್ಞಾನದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1975ರಲ್ಲಿ ಪಡೆದ ಆಲೆನ್ ನ್ಯೂವೆಲ್. ಇನ್ನೊಬ್ಬರು ಭಾಷೆ ಮತ್ತು ಕಂಪ್ಯೂಟರ್ ಎರಡನ್ನೂ ಬಲ್ಲ ರಾನ್ ಕಪ್ಲನ್. ಹಾಳೆಯ ಎರಡೂ ಬದಿಗೆ ಪ್ರತಿ ತೆಗೆಯಲು ಹೊರಟ ಈ ಮಹಾನುಭಾವರು ಯಂತ್ರದ ಮುಂದೆ ಪಟ್ಟ ಪಾಡನ್ನು ನೋಡಿದ ಮೇಲೆ, ಗ್ರಾಹಕರಿಗೆ ಬುದ್ಧಿ ಸಾಲದು ಎನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ. 1987ರಲ್ಲಿ ಪುಸ್ತಕವಾಗಿ ಬಂದ ಆಕೆಯ ಅಧ್ಯಯನವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಕರ್ನಾಟಕದ ಯಾವ ಕಾಲೇಜಿನ ಎದುರಿಗೆ ಝೆರಾಕ್ಸ್ ಅಂಗಡಿಯಿಲ್ಲ? ಅಲ್ಲಿ ಮೊಬೈಲಿನಿಂದ ಒಂದು ಹಾಳೆ ಪ್ರಿಂಟ್ ತೆಗೆಸಲು ಬಂದವರ ಪಜೀತಿಯನ್ನು ಒಂದು ಗಂಟೆ ನೋಡಿದರೂ ಪುಸ್ತಕ ತುಂಬುವಷ್ಟು ವಿಷಯ ಸಿಕ್ಕೀತು.

ಈಗ ಬಹುತೇಕ ವಿದ್ಯಾರ್ಥಿಗಳು ಅಭ್ಯಾಸ ಎಂದುಕೊಂಡು ಮಾಡುವುದು ಬೇರೆಯೇ. ಊಟ ತರಿಸುವ ಆ್ಯಪನ್ನೋ ಹಾಡು ಕೇಳುವ ಆ್ಯಪನ್ನೋ ತೆಗೆದುಕೊಂಡು, ಅದರ ಪರದೆಗಳನ್ನು ಫಿಗ್ಮಾ ಎಂಬ ತಂತ್ರಾಂಶದಲ್ಲಿ ಮತ್ತೆ ಚೆಂದವಾಗಿ ಬರೆಯುತ್ತಾರೆ. ಕೈ ಪಳಗಲು ಇದು ತಕ್ಕಮಟ್ಟಿಗೆ ಒಳ್ಳೆಯದೇ, ಸಂಗೀತ ಕಲಿಯುವವರು ಸರಳೆ ವರಸೆ ಹಾಡಿದ ಹಾಗೆ. ಆದರೆ ಅದನ್ನೇ ಕಛೇರಿ ಎಂದು ತಿಳಿಯಬಾರದು. ಆ ಕಂಪೆನಿಯ ಒಳಗಿನ ಲೆಕ್ಕಾಚಾರ ವಿದ್ಯಾರ್ಥಿಗೆ ತಿಳಿಯದು, ಬದಲಾವಣೆಯಿಂದ ಯಾರಿಗೆ ಒಳಿತಾಯಿತು ಎಂದು ಪರೀಕ್ಷಿಸಲು ದಾರಿಯಿಲ್ಲ. ಕೆಲಸ ಕೊಡುವವರ ಮೇಜಿನ ಮೇಲೆ ಇಂಥವು ರಾಶಿ ಬಿದ್ದಿರುತ್ತವೆ. ಮೇಲಾಗಿ, ಹೇಳಿದ್ದನ್ನು ಕೇಳಿ ಚೆಂದದ ಪರದೆಗಳನ್ನು ಕ್ಷಣಾರ್ಧದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಈಗ ಬಂದಿವೆ. ಪರದೆ ಬರೆಯುವುದೊಂದೇ ಬಂಡವಾಳವಾದರೆ ಅದು ಬೇಗ ಕರಗುವ ಬಂಡವಾಳ.

ಪರೀಕ್ಷೆಯ ದಿನದ ಪಟ್ಟಿ

ಹಾಗಾದರೆ ಮಾಡಬೇಕಾದದ್ದೇನು? ಎಲ್ಲ ವಿದ್ಯಾರ್ಥಿಗಳೂ ಅನುಭವಿಸಿರುವ ಒಂದು ಉದಾಹರಣೆ ಸಾಕು. ಪರೀಕ್ಷೆಯ ದಿನ ಬೆಳಿಗ್ಗೆ ಕಾಲೇಜಿನ ಸೂಚನಾ ಫಲಕದ ಮೇಲೆ ಅಂಟಿಸುವ ಆಸನ ವ್ಯವಸ್ಥೆಯ ಪಟ್ಟಿ. ಗಂಟೆ ಬಾರಿಸಲು ಹತ್ತು ನಿಮಿಷ ಇರುವಾಗ ಅಲ್ಲಿ ಜಾತ್ರೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಹಾಲ್ ಟಿಕೆಟ್ಟು, ಹಾಳೆಯಿಂದ ಹಾಳೆಗೆ ಓಡುವ ಬೆರಳು. "ಅಣ್ಣಾ, ಇಪ್ಪತ್ತೇಳನೇ ರೂಮು ಎಲ್ಲಿ?" ಎಂದು ಜವಾನನನ್ನು ಕೇಳುವವರು ಇನ್ನೊಂದಷ್ಟು ಮಂದಿ.

ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಇದನ್ನೇ ತನ್ನ ಮೊದಲ ಅಭ್ಯಾಸವಾಗಿ ಆರಿಸಿಕೊಂಡಳು ಎಂದಿಟ್ಟುಕೊಳ್ಳಿ. ತನಗೆ ಪರೀಕ್ಷೆಯಿಲ್ಲದ ದಿನ ಅರ್ಧ ಗಂಟೆ ಮೊದಲೇ ಬಂದು ಒಂದು ಮೂಲೆಯಲ್ಲಿ ನಿಲ್ಲುತ್ತಾಳೆ. ಕೈಯಲ್ಲಿ ಇರುವುದು ನೋಟ್ ಪುಸ್ತಕ ಮತ್ತು ಗಡಿಯಾರ. ಬಂದವರು ಮೊದಲು ಯಾವ ಹಾಳೆ ನೋಡುತ್ತಾರೆ, ಎಷ್ಟು ಹಾಳೆ ದಾಟುತ್ತಾರೆ, ಎಷ್ಟು ಮಂದಿ ಅರ್ಧ ದಾರಿ ಹೋಗಿ ಮತ್ತೆ ನೋಡಲು ಬರುತ್ತಾರೆ, ಏನು ಗೊಣಗುತ್ತಾರೆ ಎಂದು ಬರೆದುಕೊಳ್ಳುತ್ತಾಳೆ. ತನ್ನ ಅಭಿಪ್ರಾಯ ಬರೆಯುವುದಿಲ್ಲ, ಕಂಡದ್ದನ್ನಷ್ಟೇ ಬರೆಯುತ್ತಾಳೆ. ಇದು ಕೇಳಿದಷ್ಟು ಸುಲಭವಲ್ಲ. 'ಪಟ್ಟಿ ಕೆಟ್ಟದಾಗಿದೆ' ಎಂದು ಬರೆಯಲು ಕೈ ತುಡಿಯುತ್ತದೆ. 'ಕನ್ನಡಕದ ಹುಡುಗ ಮೂರನೇ ಹಾಳೆಯನ್ನು ಎರಡು ಸಲ ಓದಿದ' ಎಂದು ಬರೆಯುವುದೇ ಕಲಿಯಬೇಕಾದ ವಿದ್ಯೆ.

ಮನೆಗೆ ಬಂದು ಟಿಪ್ಪಣಿ ಓದಿದಾಗ ಆಕೆಗೆ ಒಂದು ಸಂಗತಿ ಹೊಳೆಯುತ್ತದೆ. ಪ್ರತಿ ಹಾಳೆಯೂ ಒಂದೊಂದು ಕೊಠಡಿಯದು. ಈ ಕೊಠಡಿಯಲ್ಲಿ ಯಾರು ಯಾರು ಕೂರುತ್ತಾರೆ ಎಂದು ಹೇಳುತ್ತದೆ. ಅದು ಮೇಲ್ವಿಚಾರಕರಿಗೆ ಬೇಕಾದ ಉತ್ತರ. ವಿದ್ಯಾರ್ಥಿಯ ಪ್ರಶ್ನೆ ಇದರ ತಿರುಗುಮುರುಗು. ತನ್ನ ನೋಂದಣಿ ಸಂಖ್ಯೆ ಗೊತ್ತು, ಕೊಠಡಿ ಯಾವುದು? ಒಬ್ಬರ ಅನುಕೂಲಕ್ಕೆ ತಯಾರಾದ ಹಾಳೆಯನ್ನು ಇನ್ನೊಬ್ಬರ ಮುಂದೆ ಅಂಟಿಸಲಾಗಿದೆ. ಇಡೀ ನೂಕುನುಗ್ಗಲಿನ ಮೂಲ ಅಲ್ಲಿದೆ.

ಅಂದೇ ರಾತ್ರಿ ಬಿಳಿ ಹಾಳೆಯ ಮೇಲೆ ಹೊಸ ಪಟ್ಟಿಯೊಂದನ್ನು ಬರೆಯುತ್ತಾಳೆ. ನೋಂದಣಿ ಸಂಖ್ಯೆಗಳು ಏರಿಕೆಯ ಕ್ರಮದಲ್ಲಿ, ಕೊನೆಯ ಮೂರು ಅಂಕಿಗಳು ದಪ್ಪಕ್ಷರದಲ್ಲಿ, ಎದುರಿಗೆ ಕೊಠಡಿ, ಅದರ ಪಕ್ಕ ಯಾವ ಮಹಡಿ ಎಂಬುದು. ಮರುದಿನ ಐದು ಮಂದಿ ಸಹಪಾಠಿಗಳನ್ನು ಒಬ್ಬೊಬ್ಬರಾಗಿ ಕರೆದು ಹಳೆಯ ಪಟ್ಟಿಯಲ್ಲೂ ಹೊಸದರಲ್ಲೂ ಒಂದೊಂದು ಸಂಖ್ಯೆ ಹುಡುಕಿಸಿ, ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುತ್ತಾಳೆ. ಮೊದಲಿಬ್ಬರು ಹೊಸ ಪಟ್ಟಿಯಲ್ಲಿ ಥಟ್ಟನೆ ಹುಡುಕುತ್ತಾರೆ. ಮೂರನೆಯವನು ತಡವರಿಸುತ್ತಾನೆ. ಹಿಂದಿನ ಸೆಮಿಸ್ಟರಿನ ಒಂದು ವಿಷಯ ಉಳಿಸಿಕೊಂಡು ಮತ್ತೆ ಬರೆಯುತ್ತಿರುವವನು ಅವನು. ಅವನ ಸಂಖ್ಯೆ ಬೇರೆ ವರ್ಷದ್ದು. ಕೊನೆಯ ಮೂರು ಅಂಕಿ ಮಾತ್ರ ನೋಡಿದರೆ ಅವನು ಇನ್ನೊಬ್ಬರ ಕೊಠಡಿಗೆ ಹೋಗಿ ಕೂರುವುದು ಖಂಡಿತ! ಎಲ್ಲರಿಗಿಂತ ಹೆಚ್ಚು ಆತಂಕದಲ್ಲಿರುವವನಿಗೇ ಹೊಸ ಪಟ್ಟಿ ಕೈಕೊಡುತ್ತದೆ. ತನ್ನ ಬುದ್ಧಿವಂತಿಕೆಯ ಬಗ್ಗೆ ಅವಳಿಗಿದ್ದ ಹಿಗ್ಗು ಅಲ್ಲಿಗೆ ಇಳಿಯುತ್ತದೆ, ಕಲಿಕೆ ಅಲ್ಲಿಂದ ಮೇಲೇರುತ್ತದೆ. ಹಾಗೆ ಬರೆಯುವವರಿಗೆ ಪ್ರತ್ಯೇಕ ಹಾಳೆ ಮಾಡಿ ಮತ್ತೆ ಐವರನ್ನು ಕೂರಿಸುತ್ತಾಳೆ.

ಇನ್ನು ಪರೀಕ್ಷಾ ವಿಭಾಗದ ಅಧೀಕ್ಷಕರ ಕೋಣೆ. "ಸರ್, ಪಟ್ಟಿಯನ್ನು ಹೀಗೆ ಹಾಕಬಹುದಾ?" ಎಂದು ಕೇಳಿದರೆ ಅವರು ಕನ್ನಡಕ ಸರಿಪಡಿಸಿಕೊಂಡು, "ಅಲ್ಲಮ್ಮಾ, ಉತ್ತರ ಪತ್ರಿಕೆ ಕಟ್ಟು ಕಟ್ಟೋದೇ ರೂಮಿನ ಲೆಕ್ಕದಲ್ಲಿ. ಅದನ್ನ ಬದಲಾಯಿಸಿದ್ರೆ ನಮ್ಮ ಕೆಲಸ ಕೆಡುತ್ತೆ" ಎಂದಾರು. ಅವರ ಮಾತೂ ನಿಜವೇ. ಆಗ ಹಳೆಯದನ್ನು ತೆಗೆಯದೆ, ಅದೇ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಬೇರೆ ಕ್ರಮಕ್ಕೆ ಹಾಕಿ ಇನ್ನೊಂದು ಪ್ರತಿ ತೆಗೆದು ಹೊರಗೆ ಅಂಟಿಸುವ ಉಪಾಯ ಹೊಳೆಯಬೇಕು. ಒಪ್ಪಿದರೆ ಮುಂದಿನ ಪರೀಕ್ಷೆಯ ದಿನ ಮತ್ತೆ ಅದೇ ಮೂಲೆ, ಅದೇ ಗಡಿಯಾರ. ಒಪ್ಪದಿದ್ದರೂ ಕೆಲಸ ವ್ಯರ್ಥವಲ್ಲ, ಏಕೆ ಒಪ್ಪಲಿಲ್ಲ ಎಂಬುದೂ ಟಿಪ್ಪಣಿಯ ಭಾಗವೇ.

ನೋಡುವುದು, ಒಂದನ್ನು ಬದಲಿಸುವುದು, ಮತ್ತೆ ನೋಡುವುದು. ದೊಡ್ಡ ಕಂಪೆನಿಯ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಮಾಡುವುದೂ ಇಷ್ಟನ್ನೇ. ಆಸ್ಪತ್ರೆಯ ಹೊರರೋಗಿ ಚೀಟಿ, ಬ್ಯಾಂಕಿನ ಚಲನ್, ಬಸ್ ನಿಲ್ದಾಣದ ವೇಳಾಪಟ್ಟಿ, ಹಾಸ್ಟೆಲಿನ ಮೆಸ್ ಲೆಕ್ಕ, ಹೀಗೆ ಹುಡುಕುತ್ತ ಹೋದರೆ ವಿಷಯಗಳಿಗೆ ಬರವಿಲ್ಲ. ಕಚೇರಿಯೊಳಗೆ ನಿಂತು ನೋಡುವುದಾದರೆ ಅಲ್ಲಿನವರ ಅಪ್ಪಣೆ ಬೇಕು. ಯಾರ ಮುಖವನ್ನೂ ಕೇಳದೆ ಫೋಟೊ ತೆಗೆಯಬಾರದು.

ಕೈಕಟ್ಟಿ ಕೂರುವ ವಿದ್ಯೆ

ಮೊಬೈಲ್ ಪರದೆಯ ಮೇಲೆ ಅಭ್ಯಾಸ ಮಾಡಬೇಕೆನ್ನುವವರಿಗೆ ಮನೆಯೇ ಪ್ರಯೋಗಶಾಲೆ. ಅಜ್ಜಿಯ ಕೈಗೆ ಮೊಬೈಲ್ ಕೊಟ್ಟು ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಹೇಳಿ, ಮೊಮ್ಮಗ ಪಕ್ಕದಲ್ಲಿ ಕೈಕಟ್ಟಿ ಕೂರಬೇಕು. ನಿಯಮ ಒಂದೇ, ಸಹಾಯ ಮಾಡಕೂಡದು. "ಈಗ ಏನು ಕಾಣ್ತಿದೆ ಅಜ್ಜಿ? ಏನು ಮಾಡಬೇಕು ಅನ್ನಿಸ್ತಿದೆ?" ಎಂದು ಕೇಳಬಹುದು. "ಅಲ್ಲಿ ಒತ್ತಿ" ಎನ್ನುವಂತಿಲ್ಲ. ಎರಡು ನಿಮಿಷದಲ್ಲಿ ಮೊಮ್ಮಗನ ಕೈ ತುರಿಸತೊಡಗುತ್ತದೆ. ಬೇಗನೆ ಅಜ್ಜಿ, "ನಂಗೆ ಇದೆಲ್ಲ ತಿಳಿಯಲ್ಲಪ್ಪ, ನಾನೇನು ಓದಿದವಳಾ?" ಎಂದು ಮೊಬೈಲ್ ಕೆಳಗಿಡುತ್ತಾರೆ. ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುವುದು ಜನರ ಸ್ವಭಾವ. ಆ ಮಾತು ಯಾವ ಪರದೆಯಲ್ಲಿ, ಯಾವ ಪದದ ಮುಂದೆ ಬಂತು ಎಂದು ಗುರುತು ಹಾಕಿಕೊಳ್ಳುವುದು ಅಭ್ಯಾಸಿಯ ಕೆಲಸ.

ಎಷ್ಟು ಜನರನ್ನು ಹೀಗೆ ನೋಡಬೇಕು? ಡೆನ್ಮಾರ್ಕ್ ಮೂಲದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ ಐದು ಮಂದಿ ಸಾಕು, ಶೇಕಡ 85ರಷ್ಟು ತೊಡಕುಗಳು ಅಷ್ಟರಲ್ಲೇ ಬೆಳಕಿಗೆ ಬರುತ್ತವೆ. ಹದಿನೈದು ಮಂದಿ ಸಿಕ್ಕರೆ ಒಂದೇ ಸಲ ಮುಗಿಸದೆ, ಐವರಂತೆ ಮೂರು ಸುತ್ತು ಮಾಡಿ, ನಡುನಡುವೆ ತಿದ್ದಿ ಎಂಬುದು ಅವರ ಸಲಹೆ. ಈ ಲೆಕ್ಕವನ್ನು ಒಪ್ಪದ ಪಂಡಿತರೂ ಇದ್ದಾರೆ. ವಿದ್ಯಾರ್ಥಿಗೆ ಮಾತ್ರ ಇದು ವರದಾನ. ಐದು ಮಂದಿ ಎಂದರೆ ಅಜ್ಜಿ, ಪಕ್ಕದ ಮನೆಯ ಆಂಟಿ, ಹಾಲಿನವ, ಚಿಕ್ಕಪ್ಪ, ಒಬ್ಬ ಗೆಳೆಯ.

ಹಣದ ವಿಷಯದಲ್ಲಿ ಎಚ್ಚರ ಬೇಕು. ಯಾರ ಪಿನ್ ಸಂಖ್ಯೆಯನ್ನೂ ನೋಡಬಾರದು, ಬರೆದುಕೊಳ್ಳಬಾರದು. ನಿಜವಾದ ಹಣ ಕಳುಹಿಸುವ ಪರೀಕ್ಷೆ ಬೇಡ, ಕಾಗದದ ಮೇಲೆ ಬರೆದ ಪರದೆಗಳೇ ಸಾಕು. ಪರದೆಯ ಮೇಲಿನ ಒಂದು ಮಾತು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದೇ ಕ್ಷೇತ್ರದಲ್ಲಿ ನಿದರ್ಶನವಿದೆ. ಯು.ಪಿ.ಐ.ನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು. ಹಣ ಕೇಳುವ ಕೋರಿಕೆಯನ್ನು ಮೋಸಗಾರರು ಕಳುಹಿಸಿ, ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ ಎಂದು ನಂಬಿಸಿದಾಗ ಓದುಬರಹ ಬಲ್ಲವರೂ ಒತ್ತಿ ಕಳೆದುಕೊಂಡರು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಹಣ ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಒತ್ತುವ ಮುನ್ನ ಮನುಷ್ಯ ಏನೆಂದುಕೊಂಡಿದ್ದಾನೆ ಎಂದು ನೋಡಬಲ್ಲವರ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಓದು ಬಾರದವರ ಜೊತೆ ಮಾಡಿದ ಕೆಲಸಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಮಾದರಿಯಿದೆ. 2005ರಲ್ಲಿ ಆರಂಭವಾದ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಇಂದ್ರಾಣಿ ಮೇಧಿ ಎಂಬ ವಿನ್ಯಾಸಕಿ ನಗರದ ಕೊಳೆಗೇರಿಗಳ ಮನೆಗೆಲಸದ ಮಹಿಳೆಯರಿಗಾಗಿ, ಅಕ್ಷರವೇ ಇಲ್ಲದೆ ಚಿತ್ರ ಮತ್ತು ಧ್ವನಿಯಿಂದ ಕೆಲಸದ ಮಾಹಿತಿ ಕೊಡುವ ಕಂಪ್ಯೂಟರ್ ಪರದೆಗಳನ್ನು ರೂಪಿಸಿದರು. ಅದರ ವಿವರ 2006ರಲ್ಲಿ ಪ್ರಕಟವಾಯಿತು. ಚಿತ್ರ ಬರೆದ ಮಾತ್ರಕ್ಕೆ ಅರ್ಥವಾಗುತ್ತದೆ ಎಂಬ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಪಾತ್ರೆ ತೊಳೆಯುವ ಕೆಲಸ ಎಂದು ತಿಳಿಸಬೇಕಾದರೆ ಪಾತ್ರೆಗಳನ್ನಷ್ಟೇ ಬರೆದರೆ ಸಾಲದು, ನಲ್ಲಿಯಿಂದ ನೀರು ಸುರಿಯುತ್ತಿರಬೇಕು. ಇನ್ನೂ ಮುಖ್ಯವಾದದ್ದು 2007ರ ಅಧ್ಯಯನದಲ್ಲಿ ಹೊರಬಿತ್ತು. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ಯಾರು ಹಾಕಿದರು ಎಂಬ ಕಥೆಯನ್ನು ಒಂದು ಕಿರುನಾಟಕದಂತೆ ವಿಡಿಯೊದಲ್ಲಿ ಮೊದಲು ತೋರಿಸಿದಾಗ ಮಹಿಳೆಯರು ಹೆಚ್ಚು ಸುಲಲಿತವಾಗಿ ಬಳಸಿದರು. ಅವರಿಗೆ ಗೊತ್ತಿಲ್ಲದೆ ಇದ್ದದ್ದು ಎಲ್ಲಿ ಒತ್ತಬೇಕೆಂಬುದಷ್ಟೇ ಅಲ್ಲ, ಇದೇಕೆ ಇಲ್ಲಿದೆ ಎಂಬುದು.

ಕನ್ನಡದ ಗುಂಡಿಗಳು

ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವೃತ್ತಿ ತಮಗಲ್ಲ ಎಂದು ಹಿಂಜರಿಯುವುದುಂಟು. ವಾಸ್ತವದಲ್ಲಿ ಅವರ ಕೈಯಲ್ಲೊಂದು ಹೆಚ್ಚಿನ ಆಯುಧವಿದೆ. ಆ್ಯಪ್‌ಗಳ ಕನ್ನಡವನ್ನು ಒಮ್ಮೆ ಓದಿ ನೋಡಿ. 'ಆದೇಶವನ್ನು ರದ್ದುಮಾಡಬೇಕೇ?' ಎಂಬ ಪ್ರಶ್ನೆಯ ಕೆಳಗೆ 'ಸರಿ', 'ರದ್ದುಮಾಡಿ' ಎಂಬ ಎರಡು ಗುಂಡಿಗಳಿದ್ದರೆ ಯಾವುದನ್ನು ಒತ್ತುವುದು? ರದ್ದುಮಾಡಲು 'ರದ್ದುಮಾಡಿ' ಒತ್ತಿದರೆ ರದ್ದಾಗುವುದು ರದ್ದತಿಯೇ! 'ಹೌದು, ಆರ್ಡರ್ ಬೇಡ', 'ಇರಲಿ' ಎಂದು ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲೂ ಇದೇ ಗೊಂದಲವಿದೆ, ಅನುವಾದಿಸಿದವರು ಗೊಂದಲವನ್ನೂ ಅನುವಾದಿಸಿಬಿಡುತ್ತಾರೆ ಅಷ್ಟೆ.

ಇದನ್ನು ನಿಜವಾದ ಬಳಕೆದಾರರ ಮುಂದಿಡುವ ಅವಕಾಶವೂ ಇದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಅದರ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದ ಗುಂಡಿ, ಸೂಚನೆಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬಲ್ಲಿ ಸ್ವಯಂಸೇವಕರೇ ಅನುವಾದಿಸುತ್ತಾರೆ. ಇಂಥ ಮುಕ್ತ ತಂತ್ರಾಂಶಗಳಲ್ಲಿ ಸಂಕೇತ ಬರೆಯುವವರು ಬೇಕಾದಷ್ಟು, ಬಳಸುವವರ ಕಷ್ಟ ನೋಡಿ ಹೇಳುವವರು ವಿರಳ. ಒಂದು ತೊಡಕನ್ನು ಐವರು ಬಳಕೆದಾರರ ಟಿಪ್ಪಣಿಯೊಂದಿಗೆ ವಿವರಿಸಿ ಬರೆದರೆ, ಜಗತ್ತಿನ ಯಾವುದೋ ಮೂಲೆಯ ಎಂಜಿನಿಯರ್ ಅದನ್ನು ಒಪ್ಪಬಹುದು, ಏಕೆ ಆಗದು ಎಂದು ವಾದಿಸಲೂಬಹುದು. ಮನೆಯಲ್ಲಿ ಕೂತು ಸಿಗದ ಅನುಭವವೇ ಆ ವಾದ. ಅಂಧರು ಬಳಸುವ ಎನ್.ವಿ.ಡಿ.ಎ. ಎಂಬ ಉಚಿತ ಓದು ತಂತ್ರಾಂಶವನ್ನೋ ಆಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕನ್ನೋ ಚಾಲೂ ಮಾಡಿ, ಕಣ್ಣು ಮುಚ್ಚಿ ತಮ್ಮದೇ ಕಾಲೇಜಿನ ಜಾಲತಾಣದಲ್ಲಿ ಫಲಿತಾಂಶ ಹುಡುಕುವುದು ಇನ್ನೊಂದು ಅಭ್ಯಾಸ. ಎಷ್ಟು ಗುಂಡಿಗಳಿಗೆ ಹೆಸರೇ ಇಲ್ಲ ಎಂದು ಕೇಳಿಯೇ ತಿಳಿಯಬೇಕು.

ಕಂಪೆನಿ ಕೊಡುವುದೆಲ್ಲವೂ ಹೀಗೆ ಸಿಗುತ್ತದೆ ಎಂದು ಹೇಳಿದರೆ ಅದು ಅತಿಶಯೋಕ್ತಿ. ಗಡುವಿನ ಒತ್ತಡ, ಖರ್ಚಿನ ಮಿತಿ, ಹತ್ತು ಜನರ ಭಿನ್ನಾಭಿಪ್ರಾಯ, ಲಕ್ಷಗಟ್ಟಲೆ ಬಳಕೆದಾರರ ಅಂಕಿಅಂಶ, ಇವು ಕೆಲಸಕ್ಕೆ ಸೇರಿದ ಮೇಲೆ ಬರುವಂಥವು. ಎಂಜಿನಿಯರಿಂಗ್ ಓದುವ ಗೆಳೆಯನೊಬ್ಬನನ್ನು ಜೊತೆಗಿಟ್ಟುಕೊಂಡು ಸಣ್ಣದೊಂದನ್ನು ನಿಜವಾಗಿ ಕಟ್ಟಿದರೆ ಈ ಕೊರತೆ ಸ್ವಲ್ಪ ತುಂಬೀತು. ಅವನು "ಇದು ಆಗಲ್ಲ ಮಾರಾಯ್ತಿ" ಎಂದಾಗ ವಿನ್ಯಾಸ ಕಾಗದದಿಂದ ನೆಲಕ್ಕಿಳಿಯುತ್ತದೆ.

ಪಾಲಕರ ಲೆಕ್ಕ

ಬಿಟ್ಟಿ ದುಡಿಮೆಗೂ ಅಭ್ಯಾಸಕ್ಕೂ ವ್ಯತ್ಯಾಸವಿದೆ, ಇದನ್ನು ಪಾಲಕರೂ ತಿಳಿದಿರಬೇಕು. ಊರಿನ ಗ್ರಂಥಾಲಯಕ್ಕೋ ಸಂಘಕ್ಕೋ ವಿದ್ಯಾರ್ಥಿ ಪುಕ್ಕಟೆ ಕೆಲಸ ಮಾಡಿಕೊಟ್ಟರೆ ತಪ್ಪಿಲ್ಲ. ಲಾಭಕ್ಕೆ ನಡೆಯುವ ಸಂಸ್ಥೆಯೊಂದು ಆರು ತಿಂಗಳು ಸಂಬಳವಿಲ್ಲದೆ ದುಡಿಸಿಕೊಂಡು ಕೊನೆಗೊಂದು ಪ್ರಮಾಣಪತ್ರ ಕೊಡುತ್ತೇನೆಂದರೆ, ಅಲ್ಲಿ ಕಲಿಸುವ ಹಿರಿಯ ವಿನ್ಯಾಸಕರು ಯಾರಾದರೂ ಇದ್ದಾರೆಯೇ ಎಂದು ಮೊದಲು ಕೇಳಬೇಕು. ಇಲ್ಲವಾದರೆ ನಮಸ್ಕಾರ ಹೇಳಿ ಬರುವುದು ಲೇಸು. ಸಂದರ್ಶನಕ್ಕೆ ಮುನ್ನ ಕಂಪೆನಿಯ ನಿಜವಾದ ಕೆಲಸವನ್ನೇ 'ಪರೀಕ್ಷೆ' ಎಂದು ವಾರಗಟ್ಟಲೆ ಮಾಡಿಸಿಕೊಳ್ಳುವವರ ವಿಷಯದಲ್ಲೂ ಇದೇ ಮಾತು.

ಖಾಸಗಿ ಕೋರ್ಸಿಗೆ ದೊಡ್ಡ ಮೊತ್ತ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ ನೋಡಿ. ಪಾಠ ಮಾಡುವವರು ಈ ಕೆಲಸ ಮಾಡಿದವರೇ? ವಿದ್ಯಾರ್ಥಿಗಳು ತರಗತಿಯ ಹೊರಗಿನ ಜನರೊಂದಿಗೆ ಪರೀಕ್ಷಿಸುತ್ತಾರೆಯೇ? ಹಿಂದಿನ ತಂಡದವರ ಕೆಲಸಗಳನ್ನು ತೋರಿಸುತ್ತೀರಾ? ಎಲ್ಲರ ಕಡತವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಶುಲ್ಕ ಉಳಿಸಿಕೊಳ್ಳಿ. ಫಿಗ್ಮಾ ವಿದ್ಯಾರ್ಥಿಗಳಿಗೆ ಉಚಿತ, ಪೆನ್‌ಪಾಟ್ ಎಲ್ಲರಿಗೂ ಉಚಿತವಾದ ಮುಕ್ತ ತಂತ್ರಾಂಶ. ಮನುಷ್ಯ ಮತ್ತು ಕಂಪ್ಯೂಟರ್ ಸಂಬಂಧದ ಬಗ್ಗೆ ಐ.ಐ.ಟಿ. ಅಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್.ನಲ್ಲಿ ಉಚಿತವಾಗಿವೆ. ಮೊದಲ ಆರು ತಿಂಗಳಿಗೆ ದುಬಾರಿ ಲ್ಯಾಪ್‌ಟಾಪ್ ಬೇಕೇ ಬೇಕೆಂದು ಮಗ ಹಟ ಹಿಡಿದರೆ, ನೋಟ್ ಪುಸ್ತಕ ಎಷ್ಟು ತುಂಬಿದೆ ತೋರಿಸು ಎಂದು ಕೇಳಬಹುದು.

ಆ ನೋಟ್ ಪುಸ್ತಕವೇ ಮುಂದೆ ಸಂದರ್ಶನದಲ್ಲಿ ತೋರಿಸುವ ಪೋರ್ಟ್‌ಫೋಲಿಯೊ ಆಗುತ್ತದೆ. ಹತ್ತು ಕೆಲಸಗಳು ಬೇಡ, ಎರಡೋ ಮೂರೋ ಸಾಕು. ಪ್ರತಿಯೊಂದರಲ್ಲೂ ಯಾರನ್ನು ನೋಡಿದ್ದು, ಏನು ಕಂಡದ್ದು, ಏನು ಬದಲಿಸಿದ್ದು, ಬದಲಿಸಿದ ಮೇಲೆ ಏನಾಯಿತು ಎಂಬುದು ತಾರೀಖಿನೊಂದಿಗೆ ಇರಲಿ. ಮೂರನೆಯವನು ತಡವರಿಸಿದ ಕಥೆಯನ್ನು ಮುಚ್ಚಿಡಬಾರದು. ಐವರ ಮೇಲೆ ಪರೀಕ್ಷಿಸಿದ್ದನ್ನು ಐವತ್ತು ಎಂದು ಬರೆಯುವ ಆಸೆಯೂ ಬೇಡ. ಅನುಭವಿಗಳು ಎರಡನೇ ಪ್ರಶ್ನೆಗೇ ಹಿಡಿದುಬಿಡುತ್ತಾರೆ.

ಪದವಿಯ ಮಟ್ಟದಲ್ಲೇ ಓದಬೇಕೆನ್ನುವವರಿಗೆ ಯುಸೀಡ್ ಪ್ರವೇಶ ಪರೀಕ್ಷೆಯಿದೆ. 2015ರಲ್ಲಿ ಆರಂಭವಾದ ಇದನ್ನು ನಡೆಸುವುದು ಮುಂಬೈ ಐ.ಐ.ಟಿ. ವಿಜ್ಞಾನ, ವಾಣಿಜ್ಯ, ಕಲೆ, ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದವರೂ ಬರೆಯಬಹುದು. ಪದವಿ ಮುಗಿಸಿ ಸ್ನಾತಕೋತ್ತರ ವಿನ್ಯಾಸ ಓದುವವರಿಗೆ ಸೀಡ್ ಪರೀಕ್ಷೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಷ್ಟು ಹಳೆಯದು. ಅದಕ್ಕೆ ಬೆಂಗಳೂರಿನಲ್ಲೂ ಒಂದು ಆವರಣವಿದೆ, ಪ್ರವೇಶಕ್ಕೆ ಬೇರೆ ಪರೀಕ್ಷೆ. ಯುಸೀಡ್ ಮತ್ತು ಸೀಡ್ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತವೆ, ಅರ್ಜಿಗಳು ಅದಕ್ಕೆ ಕೆಲವು ತಿಂಗಳ ಮೊದಲೇ, ಅಕ್ಟೋಬರ್ ಸುಮಾರಿಗೆ ಆರಂಭವಾಗುತ್ತವೆ. ಎರಡರಲ್ಲೂ ಕೈಯಿಂದ ಚಿತ್ರ ಬರೆಯುವ ಭಾಗವಿದೆ. ದಸರಾ ರಜೆಯಲ್ಲಿ ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಕೂತು ಜನರನ್ನು ನೋಡಿ ಬರೆದವರಿಗೆ ಆ ಭಾಗಕ್ಕೆಂದೇ ಬೇರೆ ತರಬೇತಿ ಅಷ್ಟಾಗಿ ಬೇಕಾಗಲಾರದು.